ಮಡಿಕೇರಿಯ ಮಳೆಗೆ ಕಟ್ಟಿಸಿದ ಕಾರ್ ಶೆಡ್: ಒಂದು ಮಳೆಗಾಲದ ಅನುಭವ

ಮಡಿಕೇರಿ ಸಮೀಪದ ನಮ್ಮ ತೋಟದ ಮನೆಗೆ ಕಳೆದ ಏಪ್ರಿಲ್‌ನಲ್ಲಿ ಪಟ್ಟಣದ ವೆಲ್ಡಿಂಗ್ ವರ್ಕ್‌ಶಾಪ್ ಒಂದರಿಂದ 18 ಅಡಿ ಉದ್ದ, 12 ಅಡಿ ಅಗಲದ ಕಾರ್ ಶೆಡ್ ಹಾಕಿಸಿದೆವು. ಜಿಐ (ಸತುವಿನ ಲೇಪನದ ಕಬ್ಬಿಣ) ಪೈಪಿನ ಚೌಕಟ್ಟು, ಬಣ್ಣದ ಶೀಟು, ಕಂಬಗಳ ಬುಡಕ್ಕೆ ಕಾಂಕ್ರೀಟು ಎಲ್ಲ ಸೇರಿ 1,30,000 ರೂಪಾಯಿ ಆಯಿತು.

ಅವರು ಮೊದಲು ತೋರಿಸಿದ ನಕ್ಷೆಯಲ್ಲಿ ನಾಲ್ಕು ಕಂಬ ಮತ್ತು ಮೇಲೊಂದು ಬಾಗಿದ ಚಾವಣಿ ಮಾತ್ರ ಇದ್ದವು. ನಾಲ್ಕೂ ಬದಿ ತೆರೆದಿದ್ದವು. ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ ಬೀಳುವ ಬೆಂಗಳೂರಿನಲ್ಲಿ ಕಾರಿಗೆ ಮುಖ್ಯವಾಗಿ ಬೇಕಾದದ್ದು ನೆರಳು, ಆದ್ದರಿಂದ ಅಲ್ಲಿಗೆ ಅದು ಸರಿಯೇ. ಮಡಿಕೇರಿಯಲ್ಲಿ ಮಳೆ 3,000 ಮಿ.ಮೀ. ಮೀರುತ್ತದೆ, ಅದೂ ನೈಋತ್ಯದ ಗಾಳಿಯೊಂದಿಗೆ ಓರೆಯಾಗಿ ಬೀಸುವುದರಿಂದ ತೆರೆದ ಶೆಡ್ಡಿನೊಳಗೆ ನಿಂತ ಕಾರೂ ಇರಚಲಿಗೆ ನೆನೆಯುತ್ತದೆ. ಇದನ್ನು ವಿವರಿಸಿದಾಗ ಮೇಸ್ತ್ರಿಯವರು ತಾಳ್ಮೆಯಿಂದ ಕೇಳಿ, ಗಾಳಿ ಬರುವ ಪಶ್ಚಿಮದ ಬದಿಯನ್ನು ನೆಲದಿಂದ ಮುಚ್ಚಿ, ಚಾವಣಿಯ ಕೆಳಗೆ ಒಂದು ಅಡಿ ಸಂದು ಬಿಟ್ಟರು. ಗಾಳಿಯಾಡಲು ಆ ಸಂದು ಬಹಳ ಮುಖ್ಯ. ಹಿಂದೆ ಕಾರನ್ನು ಕಾಫಿ ಮೂಟೆಯ ಗೋದಾಮಿನಲ್ಲಿ ಬಾಗಿಲು ಹಾಕಿ ನಿಲ್ಲಿಸುತ್ತಿದ್ದಾಗ ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕಳೆಯುವಷ್ಟರಲ್ಲಿ ಸೀಟುಗಳ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತಿತ್ತು, ಸ್ಟೇರಿಂಗಿನ ಹೊದಿಕೆಯಲ್ಲೂ ಮುಗ್ಗಲು ವಾಸನೆ. ಈ ವರ್ಷ ಅದು ಕಾಣಲಿಲ್ಲ.

ಶೆಡ್ಡಿನ ಜಾಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಜಪಾನಿನಲ್ಲಿ 1962ರ ಕಾನೂನಿನಂತೆ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಸ್ಥಳವಿದೆಯೆಂದು ತೋರಿಸಬೇಕು, ಆ ಸ್ಥಳವೂ ಮನೆಯಿಂದ 2 ಕಿ.ಮೀ. ಒಳಗಿರಬೇಕು. ನಮಗೆ ಅಂಥ ಇಕ್ಕಟ್ಟಿಲ್ಲ, ಆದರೆ ಮನೆಯ ಮುಂದಿನ ವಿಶಾಲ ಜಾಗವೆಲ್ಲ ಕಣ. ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಕಾಫಿ ಒಣಗಬೇಕು. ಕರಾವಳಿಯ ನಮ್ಮ ನೆಂಟರಂತೆ ಬಾಗಿಲ ಎದುರೇ ಪೋರ್ಟಿಕೊ ಮಾಡೋಣವೆಂದು ನಾನು ಹೇಳಿದಾಗ, "ಕಣಕ್ಕೆ ಕಂಬ ನೆಡಬೇಡಿ" ಎಂದು ಅತ್ತೆಯವರು ಒಂದೇ ಮಾತಿನಲ್ಲಿ ನಿಲ್ಲಿಸಿದರು. ಐನ್‌ಮನೆಗಳಿಗೆ, ಅಂದರೆ ಕೊಡವ ಕುಟುಂಬಗಳ ಹಿರಿಯರ ಮೂಲಮನೆಗಳಿಗೆ, ಹೋದವರು ಓಣಿಯ ತುದಿಯಲ್ಲೇ ಕಾರು ಬಿಟ್ಟು ನಡೆದು ಹೋಗುವುದನ್ನು ಕಂಡವರಿಗೆ ಈ ಮನೋಭಾವ ಹೊಸದಲ್ಲ. ಕೊನೆಗೆ ಕಣದ ಅಂಚಿನಲ್ಲಿ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಪಕ್ಕದಲ್ಲಿ ಶೆಡ್ ನಿಂತಿತು. ಮಣ್ಣು ಸಡಿಲವಿದ್ದ ಕಾರಣ ಕಂಬಗಳನ್ನು ಮೂರು ಅಡಿ ಆಳಕ್ಕೆ ಇಳಿಸಿದರು.

ಕೊರತೆಯೆಂದರೆ ಚಾವಣಿಯ ಅಂಚಿನಲ್ಲಿ ಮಳೆನೀರು ಹರಿದುಹೋಗುವ ದೋಣಿ. ನಾಲ್ಕು ಇಂಚಿನ ದೋಣಿಯಲ್ಲಿ ಸಿಲ್ವರ್ ಓಕ್ ಎಲೆಗಳು ತುಂಬಿ, ಜುಲೈ ಎರಡನೇ ವಾರದಲ್ಲಿ ನೀರು ಉಕ್ಕಿ ನೇರವಾಗಿ ಕಾರಿನ ಬಾನೆಟ್ ಮೇಲೆ ಸುರಿಯಿತು. ಕರೆ ಮಾಡಿದ ಮೂರನೇ ದಿನ ಬಂದು ಆರು ಇಂಚಿನ ದೋಣಿ ಹಾಕಿಕೊಟ್ಟರಾದರೂ ಅದಕ್ಕೆ ಪ್ರತ್ಯೇಕವಾಗಿ 6,000 ರೂಪಾಯಿ ಪಡೆದದ್ದು ನ್ಯಾಯವಲ್ಲ. ಸುತ್ತಲಿನ ಮರಗಳನ್ನು ನೋಡಿಯೇ ಅವರು ಅಳತೆ ತೆಗೆದುಕೊಂಡಿದ್ದರು.

ವೆಲ್ಡಿಂಗ್ ಅಚ್ಚುಕಟ್ಟಾಗಿದೆ, ಶೀಟಿನ ಒಂದು ಬೋಲ್ಟಿನ ಬಳಿಯೂ ಸೋರಿಲ್ಲ. ಹಾಕಿಸುವವರು ಆರು ಇಂಚಿನ ದೋಣಿಯನ್ನು ಮೊದಲ ಅಂದಾಜಿನಲ್ಲೇ ಬರೆಸಿಕೊಳ್ಳಿ ಮತ್ತು ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮುಂಗಡ ಕೊಡಿ. ಮೇ ತಿಂಗಳಲ್ಲಿ ಕೇಳಿದ ನಮ್ಮ ಪಕ್ಕದ ತೋಟದವರಿಗೆ ದೀಪಾವಳಿಯ ನಂತರದ ದಿನಾಂಕ ಸಿಕ್ಕಿತು.