ತೋಟದ ಮನೆಗೆ ಯಾವ ಬ್ಯಾಟರಿ? ಮೂರನ್ನೂ ಇಟ್ಟು ನೋಡಿದೆ

ಶಿರಾದಿಂದ 14 ಕಿಲೋಮೀಟರ್ ಒಳಗೆ ನಮ್ಮ ತೋಟ. ಮನೆವರೆಗೆ ಕರೆಂಟ್ ಕಂಬ ಬಂದಿಲ್ಲ. ಮೇಲೆ 330 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್, ಒಳಗೆ ಇನ್ವರ್ಟರ್, ಒಂದು ಬ್ಯಾಟರಿ. ಅಪ್ಪ ಅಮ್ಮನ ಸಂಸಾರ ಅಷ್ಟರಲ್ಲೇ ನಡೆಯಬೇಕು. ಕೆಲವು ದೇಶಗಳಲ್ಲಿ ದೋಣಿಯಲ್ಲೇ ಮನೆ ಮಾಡಿಕೊಂಡವರು ಇರುತ್ತಾರಲ್ಲ, ನಮ್ಮದೂ ಅದೇ ಕಥೆ. ಸುತ್ತ ನೀರು ಮಾತ್ರ ಇಲ್ಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 9 ವ್ಯಾಟಿನ ನಾಲ್ಕು ಬಲ್ಬು ಐದು ಗಂಟೆ, 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು ರಾತ್ರಿಯಿಡೀ, ಟಿವಿ ಮೂರು ಗಂಟೆ, ಜೊತೆಗೆ ಫೋನುಗಳು. ಇನ್ವರ್ಟರ್ ತಿನ್ನುವುದೂ ಸೇರಿದರೆ ದಿನಕ್ಕೆ ಒಂದು ಯೂನಿಟ್ಟಿಗೆ, ಅಂದರೆ 1,000 ವ್ಯಾಟ್‌ಅವರ್‌ಗೆ, ಸ್ವಲ್ಪ ಜಾಸ್ತಿ.

ಶುರುವಿನಲ್ಲಿ ಹಾಕಿದ್ದು ಲಾರಿ ಬ್ಯಾಟರಿ. ಪರಿಚಯದವರು ಅಗ್ಗಕ್ಕೆ ಕೊಟ್ಟರು. ಎಂಟು ತಿಂಗಳಿಗೆ ಅದರ ಕಥೆ ಮುಗಿಯಿತು. ತಪ್ಪು ಬ್ಯಾಟರಿಯದಲ್ಲ. ಒಂದೇ ಸಲ ಜೋರಾಗಿ ಕರೆಂಟ್ ಕೊಟ್ಟು ಇಂಜಿನ್ ತಿರುಗಿಸುವುದು ಅದರ ಕೆಲಸ, ಅದಕ್ಕೇ ಪ್ಲೇಟು ತೆಳ್ಳಗಿರುತ್ತವೆ. ದಿನಾ ರಾತ್ರಿ ಖಾಲಿ ಮಾಡಿದರೆ ತಡೆಯಲ್ಲ. ಇದನ್ನು ಯಾರೂ ತರಬೇಡಿ.

ಆಮೇಲೆ 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್, ಮನೆ ಇನ್ವರ್ಟರಿಗೆ ಹಾಕುವ ಲೆಡ್ ಆಸಿಡ್ ಬ್ಯಾಟರಿ. ಇದರ ಜೊತೆ ನಾಲ್ಕು ವರ್ಷ ಏಗಿದ್ದೇನೆ. 12 ವೋಲ್ಟಿಗೆ 150 ಅಂದರೆ 1,800 ವ್ಯಾಟ್‌ಅವರ್, ಬೇಕಾದಷ್ಟಾಯಿತು ಅಂದುಕೊಂಡೆ. ಆದರೆ ಲೆಡ್ ಆಸಿಡ್ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಕೈಗೆ ಸಿಗುವುದು 900. ನಮ್ಮ ಖರ್ಚು ಅದಕ್ಕಿಂತ ಜಾಸ್ತಿ. ಬೆಳಗ್ಗೆ ಎಲ್ಲ ಆರಿಸಿ ಮೀಟರ್ ಹಿಡಿದರೆ 12.1 ವೋಲ್ಟ್ ಆಸುಪಾಸು ಇರಬೇಕು, ಅದು ಸುಮಾರು ಅರ್ಧ. ನಮ್ಮದು ಎಷ್ಟೋ ದಿನ 11.9.

ಬೇಸಿಗೆ ಹೇಗೋ ಕಳೆಯುತ್ತಿತ್ತು. ಕಷ್ಟ ಬರುತ್ತಿದ್ದದ್ದು ಆಷಾಢದಲ್ಲಿ. ಗಾಳಿ ಬರುತ್ತೆ, ಮೋಡ ಬರುತ್ತೆ, ಮಳೆ ಮಾತ್ರ ಬರಲ್ಲ. ಟ್ಯೂಬ್ಯುಲರ್ ನಿಧಾನಕ್ಕೆ ಕುಡಿಯುವ ಪ್ರಾಣಿ. 15-20 ಆಂಪಿಯರ್‌ಗಿಂತ ಹೆಚ್ಚು ಕೊಡುವ ಹಾಗಿಲ್ಲ, ಕೊನೆಯ ಕಾಲು ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಹೀಗೆ ವಾರವಿಡೀ ಅರೆಹೊಟ್ಟೆಯಲ್ಲಿ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಬಿಡಲ್ಲ.

ಇನ್ನು ನೀರು. ಚಾರ್ಜ್ ಆದ ಮೇಲೆ ಹಾಕಬೇಕು, ಮುಂಚೆ ಅಲ್ಲ. ಪ್ಲೇಟು ಕಾಣುವಷ್ಟು ಇಳಿದಿದ್ದರೆ ಮೊದಲು ಪ್ಲೇಟು ಮುಳುಗುವಷ್ಟು ಮಾತ್ರ. ಇದು ಗೊತ್ತಿಲ್ಲದೆ ಒಮ್ಮೆ ಬೆಳಗ್ಗೆಯೇ ಕಂಠಪೂರ್ತಿ ತುಂಬಿಸಿದೆ. ಮಧ್ಯಾಹ್ನ ಕುದ್ದು ಆಸಿಡ್ ಹೊರಗೆ ಚೆಲ್ಲಿತು. ಪಂಚೆ ಮಡಚಿ ಕಟ್ಟಿಕೊಂಡೇ ಒರೆಸಿದೆ. ಒಗೆದಾಗ ಪಂಚೆ ಜರಡಿ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ಶಿರಾಕ್ಕೆ ಯಾರು ಹೋಗುತ್ತಾರೆ ಅಂತ, ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಹಾಕಿದೆ. ಕುಡಿಯುವುದಕ್ಕೆ ಶುದ್ಧವಾದದ್ದು ಬ್ಯಾಟರಿಗೆ ಶುದ್ಧ ಅಲ್ಲ, ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ. ನಾಲ್ಕು ತಿಂಗಳ ಮೇಲೆ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸುವ ಕೊಳವೆ) ಇಳಿಸಿದರೆ ಒಳಗಿನ ಆರು ಸೆಲ್‌ಗಳಲ್ಲಿ ಐದು 1230 ತೋರಿಸಿದವು, ಒಂದು ಮಾತ್ರ ಸೊರಗಿ 1160. ಆ ನೀರೋ, ಅರೆಹೊಟ್ಟೆಯೋ, ಎರಡೂ ಸೇರಿಯೋ. ಒಂದು ಸೆಲ್ ಮಲಗಿದರೆ ಉಳಿದ ಐದು ಇದ್ದೂ ಇಲ್ಲದ ಹಾಗೆ.

ಈಗ ಒಂದೂವರೆ ವರ್ಷದಿಂದ ಲಿಥಿಯಂ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನುತ್ತಾರಲ್ಲ, ಅದು. 100 ಎಎಚ್. ಟ್ಯೂಬ್ಯುಲರ್ ಎತ್ತಲು ಇಬ್ಬರು ಬೇಕಿತ್ತು, ಇದನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟು ತಂದೆ. ದುಡ್ಡು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. 12.8 ವೋಲ್ಟಿಗೆ 1,280 ವ್ಯಾಟ್‌ಅವರ್, ಅದರಲ್ಲಿ ಶೇಕಡ 90 ಬಳಸಿದರೂ ತೊಂದರೆ ಇಲ್ಲ. ಹೆಸರಿಗೆ ಚಿಕ್ಕದು, ಕೈಗೆ ಸಿಗುವುದು 1,150. ಅರೆಹೊಟ್ಟೆಯಲ್ಲಿದ್ದರೂ ಬೇಜಾರಿಲ್ಲ. ಮೋಡ ಸರಿದು ಎರಡೂವರೆ ಗಂಟೆ ಒಳ್ಳೆ ಬಿಸಿಲು ಸಿಕ್ಕರೆ ಪ್ಯಾನೆಲ್ ಕೊಟ್ಟಿದ್ದನ್ನೆಲ್ಲ ಗಟಗಟ ಕುಡಿದುಬಿಡುತ್ತದೆ. ಆಷಾಢ ಗೆದ್ದಿದ್ದು ಇಲ್ಲೇ.

ಹಾಗಂತ ಕಿರಿಕಿರಿ ಇಲ್ಲ ಅಂತಲ್ಲ. ಇನ್ವರ್ಟರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇರಲೇಬೇಕು, ಈಕ್ವಲೈಸಿಂಗ್ (ಲೆಡ್ ಆಸಿಡ್‌ಗೆ ಆಗಾಗ ಕೊಡುವ ಹೆಚ್ಚು ವೋಲ್ಟಿನ ಚಾರ್ಜ್) ಆಫ್ ಮಾಡಿರಬೇಕು. ನಮ್ಮ ಹಳೆಯದರಲ್ಲಿ ಇರಲಿಲ್ಲ, ಅದನ್ನೂ ಬದಲಿಸಬೇಕಾಯಿತು. ತಿಂಗಳಿಗೆ ಒಮ್ಮೆಯಾದರೂ ಪೂರ್ತಿ ತುಂಬಿಸಬೇಕು, ಆಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್) ನಾಲ್ಕೂ ಸೆಲ್ಲನ್ನು ಸರಿಸಮ ಮಾಡಿಕೊಳ್ಳುತ್ತದೆ. ಕೆಟ್ಟರೆ ಬಿಚ್ಚಿ ನೋಡುವವರು ನಮ್ಮ ಕಡೆ ಇಲ್ಲ, ಗ್ಯಾರಂಟಿ ಕಾರ್ಡೇ ಗತಿ. ಟ್ಯೂಬ್ಯುಲರ್ ಆದರೆ ಸಂತೆಯಲ್ಲೂ ಒಬ್ಬ ಮೆಕ್ಯಾನಿಕ್ ಸಿಗುತ್ತಾನೆ, ಸತ್ತರೂ ಸೀಸದ ಬೆಲೆ ಬರುತ್ತದೆ.

ಇನ್ನೊಂದು ದೂರು ಅಪ್ಪನದು. ಟ್ಯೂಬ್ಯುಲರ್ ಮುಗಿಯುವ ಮುಂಚೆ ಇನ್ವರ್ಟರ್ ಕೀಂ ಕೀಂ ಅಂತ ಎಷ್ಟೋ ಹೊತ್ತು ಕೂಗುತ್ತಿತ್ತು. ಲಿಥಿಯಂನ ವೋಲ್ಟೇಜ್ ಹೆಚ್ಚುಕಡಿಮೆ ಕೊನೆವರೆಗೂ ಅಷ್ಟಾಗಿ ಇಳಿಯುವುದಿಲ್ಲ, ಆಮೇಲೆ ಬಿಎಂಎಸ್ ಟಕ್ ಅಂತ ಕಟ್. ಒಂದು ರಾತ್ರಿ ಊಟದ ನಡುವೆ ಹಾಗೇ ಕತ್ತಲಾಯಿತು. "ಹಳೇದು ಒಂದ್ ಮಾತು ಹೇಳಿ ಹೋಗ್ತಿತ್ತು. ಇದೇನ್ಲಾ ಹೇಳ್ದೆ ಕೇಳ್ದೆ ಹೋಗ್ತದೆ?" ಅಂದರು.

ಪೇಟೆ ಮನೆ, ಲೈನ್ ಇದೆ, ಆಗೊಮ್ಮೆ ಈಗೊಮ್ಮೆ ಕರೆಂಟ್ ಹೋಗುತ್ತದೆ ಅನ್ನುವವರು ಸುಮ್ನೆ ಟ್ಯೂಬ್ಯುಲರ್ ತಗೊಳ್ಳಿ. ಅದು ಸದಾ ತುಂಬಿಯೇ ಇರುತ್ತದೆ, ನೀರೊಂದು ನೋಡಿಕೊಂಡರೆ ಸಾಕು. ದಿನಾ ತುಂಬಿ ದಿನಾ ಖಾಲಿಯಾಗುವ ನಮ್ಮಂಥ ಮನೆಗೆ ಲಿಥಿಯಂ.

ಅಪ್ಪನ ದೂರಿಗೆ ಶಂಟ್ ಮೀಟರ್ ಹಾಕಿಸಿದೆ. ಹೋದ ಬಂದ ಆಂಪಿಯರ್ ಎಣಿಸಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ತೋರಿಸುತ್ತದೆ. ಈಗ 25ಕ್ಕಿಂತ ಕೆಳಗಿಳಿದರೆ ಅಪ್ಪ ತಾವೇ ಎದ್ದು ಟಿವಿ ಆರಿಸುತ್ತಾರೆ. ಅಮ್ಮನ ಧಾರಾವಾಹಿ ನಡೆಯುತ್ತಿದ್ದರೆ ಮಾತ್ರ ಆ ಮೀಟರ್ ಕಡೆ ತಿರುಗಿಯೂ ನೋಡುವುದಿಲ್ಲ.