ಲಿನಕ್ಸ್‌ನಲ್ಲಿ ಡಿಸ್ಕ್ ಬರ್ನಿಂಗ್: ಕೈಕೊಟ್ಟಾಗ ಕಾರಣ ಹೇಳುವ ತಂತ್ರಾಂಶ ಯಾವುದು?

ಎಲ್ಲವೂ ಸುಸೂತ್ರವಾಗಿ ನಡೆದಾಗ ಬರ್ನಿಂಗ್ (ಸಿಡಿ, ಡಿವಿಡಿ, ಬ್ಲೂ-ರೇಗೆ ಫೈಲ್ ಬರೆಯುವ) ತಂತ್ರಾಂಶಗಳಲ್ಲಿ ಮೇಲು ಕೀಳು ಹುಡುಕಿ ಫಲವಿಲ್ಲ. ಫೈಲ್ ಎಳೆದು ಹಾಕಿ ಬಟನ್ ಒತ್ತಿದರೆ ಯಾವುದಾದರೂ ಡಿಸ್ಕ್ ಬರೆದು ಟ್ರೇ ಹೊರಗೆ ತಳ್ಳುತ್ತದೆ. ವ್ಯತ್ಯಾಸ ಕಾಣುವುದು ಬರೆಯುವ ಕೆಲಸ ನಡುವೆ ನಿಂತು ಡಿಸ್ಕ್ ದಂಡವಾದಾಗ. ತಪ್ಪು ಡಿಸ್ಕಿನದೋ, ಡ್ರೈವಿನದೋ, ಕೇಬಲ್ಲಿನದೋ, ಕೊಟ್ಟ ಆಜ್ಞೆಯದೋ ಎಂದು ಆಗ ಬಿಡಿಸಿ ಹೇಳಬೇಕು. ಕೆ3ಬಿ, ಬ್ರಸೇರೊ, ಎಕ್ಸ್‌ಎಫ್‌ಬರ್ನ್ ಮತ್ತು ಟರ್ಮಿನಲ್ಲಿನ (ಆಜ್ಞೆ ಟೈಪ್ ಮಾಡಿ ಓಡಿಸುವ) ಎಕ್ಸೋರಿಸೊ, ಈ ನಾಲ್ಕನ್ನು ಇಲ್ಲಿ ಅಳೆದಿರುವುದು ಇದೇ ಅಳತೆಗೋಲಿನಿಂದ. ತೀರ್ಪು ಮೊದಲೇ ಹೇಳುವುದಾದರೆ, ಫೈಲ್ ಜೋಡಿಸಲು ಕೆ3ಬಿ, ಬರೆಯಲು ಮತ್ತು ಪರೀಕ್ಷಿಸಲು ಎಕ್ಸೋರಿಸೊ. ಉಳಿದೆರಡು ಸಣ್ಣಪುಟ್ಟ ಕೆಲಸಕ್ಕೆ ಸಾಕು.

ಒಂದು ಸಂಗತಿ ತಿಳಿಯದಿದ್ದರೆ ತಂತ್ರಾಂಶ ಬದಲಿಸಿದಷ್ಟೂ ಅದೇ ದೋಷ ಎದುರಾಗುತ್ತಿರುತ್ತದೆ. ಕಿಟಕಿ, ಬಟನ್ ಇರುವ ತಂತ್ರಾಂಶಗಳಲ್ಲಿ ಬಹಳಷ್ಟು ತಾವೇ ಡಿಸ್ಕ್ ಬರೆಯುವುದಿಲ್ಲ, ಆ ಕೆಲಸಕ್ಕೆ ಒಳಗಿನ ಇನ್ನೊಂದು ತಂತ್ರಾಂಶವನ್ನು, ಎಂದರೆ ಎಂಜಿನ್ ಅನ್ನು, ಕರೆಯುತ್ತವೆ. ಕೆ3ಬಿ ಸಿಡಿಗೆ ಸಿಡಿರೆಕಾರ್ಡ್ ಅಥವಾ ವೋಡಿಮ್ ಅನ್ನು ಕರೆಯುತ್ತದೆ, ಡಿವಿಡಿ ಮತ್ತು ಬ್ಲೂ-ರೇಗೆ ಸಾಮಾನ್ಯವಾಗಿ ಗ್ರೋಐಸೊಎಫ್‌ಎಸ್ ಅನ್ನು. ಬ್ರಸೇರೊ ಪ್ಲಗಿನ್‌ಗಳ ಮೂಲಕ ಇವುಗಳಲ್ಲಿ ಒಂದನ್ನೋ ಲಿಬ್‌ಬರ್ನ್ ಅನ್ನೋ ಆರಿಸಿಕೊಳ್ಳುತ್ತದೆ. ಎಕ್ಸ್‌ಎಫ್‌ಬರ್ನ್ ಮತ್ತು ಎಕ್ಸೋರಿಸೊ ನಿಂತಿರುವುದು ಲಿಬ್‌ಬರ್ನ್ ಮೇಲೆ. ವೋಡಿಮ್ ಹುಟ್ಟಿದ್ದು 2006ರಲ್ಲಿ. ಸಿಡಿರೆಕಾರ್ಡ್‌ನ ಪರವಾನಗಿಯ ಕುರಿತು ಭಿನ್ನಾಭಿಪ್ರಾಯ ಬಂದು ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನವರು ಕವಲೊಡೆಸಿದ ಸಿಡಿಕಿಟ್‌ನ ಭಾಗ ಅದು. ಸಿಡಿಕಿಟ್‌ನ 1.1.11 ಆವೃತ್ತಿ ಬಂದದ್ದು 2010ರಲ್ಲಿ, ಗ್ರೋಐಸೊಎಫ್‌ಎಸ್‌ನ 7.1 ಆವೃತ್ತಿ 2008ರಲ್ಲಿ. ಮೇಲೆ ಹೊಸ ಮುಖ, ಒಳಗೆ ಹಳೆಯ ಎಂಜಿನ್. ಬ್ಲೂ-ರೇ ಬರೆಯುವಾಗ ಬರುವ ಹಲವು ತೊಡಕುಗಳ ಬೇರು ಇಲ್ಲಿದೆ.

ಕೆ3ಬಿಯ ದೊಡ್ಡ ಗುಣವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಬರ್ನ್ ವಿಫಲವಾದ ಕಿಟಕಿಯಲ್ಲೇ ಡೀಬಗ್ ಔಟ್‌ಪುಟ್ ತೋರಿಸುವ ಬಟನ್ ಇದೆ. ಅದನ್ನು ತೆರೆದು ಎರಡು ವಿಷಯ ಹುಡುಕಬೇಕು: ಒಳಗಿನ ಎಂಜಿನ್‌ಗೆ ಕೊಟ್ಟ ಪೂರ್ತಿ ಆಜ್ಞೆ, ಮತ್ತು ಡ್ರೈವ್ ಹಿಂದಿರುಗಿಸಿದ ಮೂರು ಸಂಖ್ಯೆಗಳು. ಆ ಆಜ್ಞೆಯನ್ನು ಟರ್ಮಿನಲ್‌ಗೆ ಅಂಟಿಸಿ ಓಡಿಸಿದಾಗಲೂ ಅದೇ ದೋಷ ಬಂದರೆ ಕೆ3ಬಿ ನಿರಪರಾಧಿ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಆಯ್ಕೆಗಳನ್ನು ತೋರಿಸು ಎಂದು ಗುರುತು ಹಾಕಿದರೆ ಬರೆಯುವ ಎಂಜಿನ್ ಯಾವುದಿರಬೇಕು ಎಂದು ಆರಿಸುವ ಪಟ್ಟಿಯೂ ಕಾಣಿಸಿಕೊಳ್ಳುತ್ತದೆ.

ಆ ಮೂರು ಸಂಖ್ಯೆಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ತಪ್ಪು ಯಾರದ್ದು ಎಂದು ಹೇಳುವುದು ಮೊದಲನೆಯದು. 2 ಎಂದರೆ ಡ್ರೈವ್ ಇನ್ನೂ ಸಿದ್ಧವಿಲ್ಲ, 3 ಎಂದರೆ ಡಿಸ್ಕಿನ ಮೇಲೆ ದೂರು, 4 ಎಂದರೆ ಯಂತ್ರದ ದೋಷ, 5 ಎಂದರೆ ತಂತ್ರಾಂಶ ಕೊಟ್ಟ ಆಜ್ಞೆಯೇ ಡ್ರೈವಿಗೆ ಒಪ್ಪಿಗೆಯಿಲ್ಲ. 3ರ ಜೊತೆ 0ಸಿ ಮತ್ತು 00 ಬಂದರೆ ಬರೆಯುವಾಗಲೇ ಸೋತಿದೆ. ಡಿಸ್ಕಿನ ಬಣ್ಣದ ಪದರ ಸರಿಯಿಲ್ಲ, ಇಲ್ಲವೇ ಲೇಸರ್ ದಣಿದಿದೆ. ಬೇರೆ ತಯಾರಕರ ಒಂದು ಡಿಸ್ಕ್ ಹಾಕಿ ನೋಡಿದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಡಿವಿಡಿ ಪ್ಲಸ್ ಆರ್‌ಡಬ್ಲ್ಯು ಟೂಲ್ಸ್ ಪ್ಯಾಕೇಜಿನಲ್ಲಿರುವ ಮೀಡಿಯಾಇನ್ಫೊ ಡಿಸ್ಕಿನ ಮೀಡಿಯಾ ಐಡಿಯನ್ನು ತೋರಿಸುತ್ತದೆ. ಡಬ್ಬದ ಮೇಲಿನ ಹೆಸರು ಬೇರೆಯಾದರೂ ಐಡಿ ಒಂದೇ ಇದ್ದರೆ ಅದು ಸಾಮಾನ್ಯವಾಗಿ ಒಂದೇ ಬಗೆಯ ಸರಕು. ಹಾಗಾಗಿ ಹೋಲಿಸಬೇಕಾದ್ದು ಐಡಿಯನ್ನು.

3ರ ಜೊತೆ 73 ಬಂದರೆ ಕಥೆ ಬೇರೆ. ಬರೆಯಲು ಶುರುಮಾಡುವ ಮುನ್ನ ಡ್ರೈವ್ ಡಿಸ್ಕಿನ ಒಳಅಂಚಿನ ಸಣ್ಣ ಜಾಗದಲ್ಲಿ ಲೇಸರ್ ಎಷ್ಟು ಬಲವಾಗಿರಬೇಕು ಎಂದು ಗೀಚಿ ನೋಡುತ್ತದೆ. ಇದಕ್ಕೆ ಪವರ್ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕೊನೆಯ ಸಂಖ್ಯೆ 03 ಆದರೆ ಆ ಪರೀಕ್ಷೆಯೇ ಸೋತಿದೆ, 02 ಆದರೆ ಪರೀಕ್ಷೆಯ ಜಾಗ ತುಂಬಿಹೋಗಿದೆ. ಸಿಡಿ-ಆರ್‌ನಲ್ಲಿ ಇಂಥ 100 ಪರೀಕ್ಷೆಗಳಿಗೆ ಮಾತ್ರ ಸ್ಥಳ. ಒಂದು ವೇಗದಲ್ಲಿ 03 ಬಂದರೆ ವೇಗ ಇಳಿಸಿ ಇನ್ನೊಮ್ಮೆ ಪ್ರಯತ್ನಿಸುವುದು ಸರಿ. ಮತ್ತೆಯೂ ಬಂದರೆ ಆ ಡಿಸ್ಕನ್ನು ಬಿಟ್ಟು ಲೆನ್ಸ್ ಕಡೆ ನೋಡಬೇಕು.

ವೇಗ ಇಳಿಸುವುದು ಎಂದಾಗ ಹಲವರು ನೇರ 1ಎಕ್ಸ್‌ಗೆ ಹೋಗುತ್ತಾರೆ. ಅದರಿಂದ ಲಾಭವಿಲ್ಲ. 16ಎಕ್ಸ್ ಡಿವಿಡಿಯ ಪದರ ಹೆಚ್ಚಿನ ವೇಗಕ್ಕೆಂದೇ ತಯಾರಾದದ್ದು, ಡ್ರೈವ್ ಕೂಡ ತನಗೆ ಗೊತ್ತಿರುವ ಕನಿಷ್ಠ ವೇಗಕ್ಕಿಂತ ಕೆಳಗಿಳಿಯುವುದಿಲ್ಲ. ಎಕ್ಸೋರಿಸೊದ ‘ಲಿಸ್ಟ್ ಸ್ಪೀಡ್ಸ್’ ಆಜ್ಞೆ ಆ ಡ್ರೈವ್ ಆ ಡಿಸ್ಕಿಗೆ ಕೊಡುವ ವೇಗಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಮಧ್ಯದ್ದನ್ನು, ಎಂದರೆ 16ಎಕ್ಸ್ ಡಿಸ್ಕಿಗೆ 8ಎಕ್ಸ್ ಆಸುಪಾಸನ್ನು, ಆರಿಸುವುದು ಒಳ್ಳೆಯದು. ಡಿವಿಡಿಯ 1ಎಕ್ಸ್ ಸೆಕೆಂಡಿಗೆ ಸುಮಾರು 1.385 ಎಂಬಿ, ಬ್ಲೂ-ರೇಯದ್ದು ಸುಮಾರು 4.5 ಎಂಬಿ. ಸಂಖ್ಯೆ ಒಂದೇ ಆದರೂ ಡಿಸ್ಕಿನ ಬಗೆ ಬದಲಾದರೆ ವೇಗ ಮೂರು ಪಟ್ಟು ಬದಲಾಗುತ್ತದೆ ಎಂಬುದು ನೆನಪಿರಲಿ.

ಹೊರಗಿನ ಯುಎಸ್‌ಬಿ ಡ್ರೈವ್ ಇದ್ದರೆ ಡಿಸ್ಕನ್ನು ಅನುಮಾನಿಸುವ ಮೊದಲು ವಿದ್ಯುತ್ತನ್ನು ಅನುಮಾನಿಸಿ. ಯುಎಸ್‌ಬಿ 2ರ ಪೋರ್ಟ್ ಮಾನದಂಡದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಓದುವಾಗ ಸಾಕಾಗುವ ಈ ವಿದ್ಯುತ್, ಮೋಟಾರು ಪೂರ್ಣ ವೇಗದಲ್ಲಿ ತಿರುಗುತ್ತ ಲೇಸರ್ ಬರೆಯುವ ಬಲಕ್ಕೆ ಏರಿದಾಗ ಸಾಲದೆ ಹೋಗಬಹುದು. ಆಗ ಡ್ರೈವ್ ಕ್ಷಣಕಾಲ ಸತ್ತು ಮತ್ತೆ ಎದ್ದೇಳುತ್ತದೆ. ತಂತ್ರಾಂಶ ಇದನ್ನು ರೈಟ್ ಎರರ್ ಎಂದಷ್ಟೇ ಹೇಳೀತು. ನಿಜ ಗೊತ್ತಾಗುವುದು ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದಿಡುವ ಲಾಗ್‌ನಲ್ಲಿ: ಇನ್ನೊಂದು ಟರ್ಮಿನಲ್‌ನಲ್ಲಿ ಡಿಮೆಸ್ಗ್ ಅನ್ನು ಫಾಲೊ ಆಯ್ಕೆಯೊಂದಿಗೆ ತೆರೆದಿಟ್ಟು ಬರ್ನ್ ಶುರುಮಾಡಿ. ಸೋತ ಕ್ಷಣದಲ್ಲೇ ಯುಎಸ್‌ಬಿ ರೀಸೆಟ್ ಅಥವಾ ಡಿಸ್ಕನೆಕ್ಟ್ ಎಂಬ ಸಾಲು ಬಂದರೆ ಡಿಸ್ಕ್ ಎಷ್ಟು ಬದಲಿಸಿದರೂ ವ್ಯರ್ಥ. ಹಬ್ ತೆಗೆದು ನೇರ ಪೋರ್ಟಿಗೆ ಚುಚ್ಚಿ, ಚಿಕ್ಕ ಕೇಬಲ್ ಹಾಕಿ, ಅಥವಾ ಎರಡು ಪೋರ್ಟಿನಿಂದ ವಿದ್ಯುತ್ ಎಳೆಯುವ ವೈ-ಕೇಬಲ್ ಬಳಸಿ.

ಈಗ ಕೆ3ಬಿಯ ದುರ್ಬಲ ಜಾಗಕ್ಕೆ ಬರೋಣ. ಬಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಬ್ಲೂ-ರೇ) ಡಿಸ್ಕ್ 100 ಶೇಕಡಾ ಬರೆದಾದ ಮೇಲೆ, ಕೊನೆಯಲ್ಲಿ ‘ಕ್ಲೋಸ್ ಸೆಷನ್ ಫೇಲ್ಡ್, ಇನ್‌ವ್ಯಾಲಿಡ್ ಫೀಲ್ಡ್ ಇನ್ ಸಿಡಿಬಿ’ ಎಂದು ಬರುವ ದೋಷ ಬಹಳ ಜನರನ್ನು ಹೆದರಿಸಿದೆ. ಮೊದಲ ಸಂಖ್ಯೆ 5. ಅಂದರೆ ಡಿಸ್ಕಿಗೆ ಏನೂ ಆಗಿಲ್ಲ, ಆಜ್ಞೆ ತಪ್ಪು. ಗ್ರೋಐಸೊಎಫ್‌ಎಸ್ 7.1 ಖಾಲಿ ಬಿಡಿ-ಆರ್ ಕಂಡೊಡನೆ ಕೇಳದೆಯೇ ಅದನ್ನು ಸ್ಪೇರ್ ಜಾಗದ (ಕೆಟ್ಟ ಭಾಗಗಳಿಗೆ ಬದಲಿಯಾಗಿ ಮೀಸಲಿಟ್ಟ ಜಾಗ) ಸಮೇತ ಫಾರ್ಮ್ಯಾಟ್ ಮಾಡಿಬಿಡುತ್ತದೆ, ಕೊನೆಗೆ ಆ ಬಗೆಯ ಡಿಸ್ಕಿಗೆ ಹೊಂದದ ಮುಕ್ತಾಯದ ಆಜ್ಞೆ ಕಳಿಸುತ್ತದೆ. ಡ್ರೈವ್ ನಿರಾಕರಿಸುತ್ತದೆ. ಬರೆದ ಮಾಹಿತಿ ಸಾಮಾನ್ಯವಾಗಿ ಪೂರ್ತಿ ಇರುತ್ತದೆ, ಆದ್ದರಿಂದ ಡಿಸ್ಕನ್ನು ಕಸಕ್ಕೆ ಎಸೆಯುವ ಮುನ್ನ ಚೆಕ್‌ಸಮ್ (ಮಾಹಿತಿಯಿಂದ ಲೆಕ್ಕ ಹಾಕಿ ಹೋಲಿಸುವ ಗುರುತು ಸಂಖ್ಯೆ) ನೋಡಿ. ಇದನ್ನು ತಪ್ಪಿಸಲು ಗ್ರೋಐಸೊಎಫ್‌ಎಸ್‌ನ ‘ಯೂಸ್ ದ ಫೋರ್ಸ್ ಲ್ಯೂಕ್’ ಆಯ್ಕೆಗೆ ‘ಸ್ಪೇರ್’ ‘ನನ್’ ಎಂದು ಕೊಡಬಹುದು. ಇನ್ನೂ ನೆಮ್ಮದಿಯ ದಾರಿ ಎಂದರೆ ಕೆ3ಬಿಯಲ್ಲಿ ಇಮೇಜ್ ಮಾತ್ರ ತಯಾರಿಸು ಎಂದು ಹೇಳಿ ಐಎಸ್‌ಒ (ಡಿಸ್ಕಿಗೆ ಹೋಗುವುದೆಲ್ಲ ಅಡಗಿದ ಒಂದೇ ಇಮೇಜ್ ಫೈಲ್) ಪಡೆದುಕೊಂಡು, ಬರೆಯುವುದನ್ನು ಎಕ್ಸೋರಿಸೊಗೆ ಬಿಡುವುದು. ಎಕ್ಸೋರಿಸೊ ಕೇಳದೆ ಬಿಡಿ-ಆರ್ ಫಾರ್ಮ್ಯಾಟ್ ಮಾಡುವುದಿಲ್ಲ, ಹಾಗಾಗಿ ಒಂದು ಪದರದ ಡಿಸ್ಕಿನ 25,025,314,816 ಬೈಟ್ ಪೂರ್ತಿ ಕೈಗೆ ಸಿಗುತ್ತದೆ. ಬಿಡಿ-ಆರ್‌ಇ (ಅಳಿಸಿ ಮತ್ತೆ ಬರೆಯಬಹುದಾದ ಬ್ಲೂ-ರೇ) ಮಾತ್ರ ಫಾರ್ಮ್ಯಾಟ್ ಆಗಲೇಬೇಕು. ಅಲ್ಲಿ ಡ್ರೈವ್ ಬರೆದದ್ದನ್ನು ಓದಿ ಪರೀಕ್ಷಿಸುತ್ತ ಹೋಗುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ‘ಸ್ಟ್ರೀಮ್ ರೆಕಾರ್ಡಿಂಗ್’ ಆನ್ ಮಾಡಿದರೆ ವೇಗ ಮರಳುತ್ತದೆ, ಪರೀಕ್ಷೆ ಹೋಗುತ್ತದೆ. ಬ್ಯಾಕಪ್ ಡಿಸ್ಕಿಗೆ ನಿಧಾನವೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಎಕ್ಸೋರಿಸೊವನ್ನು ಸಿಡಿರೆಕಾರ್ಡ್‌ನ ವೇಷದಲ್ಲಿ ಓಡಿಸುವುದು ಸುಲಭ. ‘ಆಸ್ ಸಿಡಿರೆಕಾರ್ಡ್’ ಎಂದು ಹೇಳಿ, ಡಿವೈಸ್ ಜಾಗದಲ್ಲಿ ಎಸ್‌ಆರ್‌0 (ಮೊದಲ ಡಿಸ್ಕ್ ಡ್ರೈವಿಗೆ ಲಿನಕ್ಸ್ ಇಡುವ ಹೆಸರು), ‘ಬ್ಲಾಂಕ್’ಗೆ ‘ಆಸ್ ನೀಡೆಡ್’, ಬೇಕಾದ ವೇಗ, ಕೊನೆಗೆ ಇಮೇಜ್ ಫೈಲ್ ಕೊಟ್ಟರೆ ಮುಗಿಯಿತು. ‘ಆಸ್ ನೀಡೆಡ್’ ಎಂಬ ಎರಡು ಪದ ಡಿವಿಡಿ-ಆರ್‌ಡಬ್ಲ್ಯುನ ದೊಡ್ಡ ಗೊಂದಲವನ್ನು ನಿವಾರಿಸುತ್ತದೆ. ಡಿವಿಡಿ ಮೈನಸ್ ಆರ್‌ಡಬ್ಲ್ಯುಗೆ ಎರಡು ಸ್ಥಿತಿಗಳಿವೆ, ಸೀಕ್ವೆನ್ಶಿಯಲ್ ಮತ್ತು ರಿಸ್ಟ್ರಿಕ್ಟೆಡ್ ಓವರ್‌ರೈಟ್. ಸೀಕ್ವೆನ್ಶಿಯಲ್ ಡಿಸ್ಕನ್ನು ಬೇಗ ಮುಗಿಯಲೆಂದು ಫಾಸ್ಟ್ ಬ್ಲಾಂಕ್ ಮಾಡಿದರೆ ಅದು ಒಂದೇ ಉಸಿರಿನಲ್ಲಿ ಬರೆಯುವ ಡಿಎಒ ವಿಧಾನಕ್ಕೆ ಮಾತ್ರ ಒಪ್ಪುತ್ತದೆ, ಹಲವು ಕಂತುಗಳಲ್ಲಿ ಸೇರಿಸುತ್ತ ಬರೆಯುವ ಮಲ್ಟಿಸೆಷನ್‌ಗೆ ಒಪ್ಪುವುದಿಲ್ಲ. ಬಳಕೆದಾರರು ಡಿಸ್ಕ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಫುಲ್ ಬ್ಲಾಂಕ್ ಮಾಡಿದರೆ ಸರಿಹೋಗುತ್ತದೆ. ಡಿವಿಡಿ ಪ್ಲಸ್ ಆರ್‌ಡಬ್ಲ್ಯುಗೆ ಅಳಿಸುವ ಗೊಡವೆಯೇ ಇಲ್ಲ, ಮೇಲೆಯೇ ಬರೆಯಬಹುದು.

ಪ್ಲಸ್, ಮೈನಸ್ ವ್ಯತ್ಯಾಸ ಅಳತೆಯಲ್ಲೂ ಕಾಡುತ್ತದೆ. ಡಿವಿಡಿ-ಆರ್‌ನಲ್ಲಿ 4,707,319,808 ಬೈಟ್ ಹಿಡಿಸಿದರೆ ಡಿವಿಡಿ+ಆರ್‌ನಲ್ಲಿ 4,700,372,992 ಮಾತ್ರ. ಹೆಚ್ಚೂಕಡಿಮೆ 7 ಎಂಬಿ ಕಡಿಮೆ. ಮೈನಸ್ ಡಿಸ್ಕಿಗೆ ಕಂಠಮಟ್ಟ ತುಂಬಿದ ಇಮೇಜ್ ಪ್ಲಸ್ ಡಿಸ್ಕಿಗೆ ಹಿಡಿಸದು. ಪ್ಲಸ್ ಡಿಸ್ಕಿಗೆ ಸಿಮ್ಯುಲೇಷನ್ (ನಿಜವಾಗಿ ಬರೆಯದೆ ನಡೆಸುವ ತಾಲೀಮು) ಸೌಲಭ್ಯವೂ ಇಲ್ಲ. ಕೆ3ಬಿಯಲ್ಲಿ ಆ ಆಯ್ಕೆ ಕೆಲಸ ಮಾಡದಿದ್ದರೆ ಅದು ತಂತ್ರಾಂಶದ ದೋಷವಲ್ಲ.

4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಇದ್ದರೆ ಸಿಡಿಕಿಟ್‌ನ ಇಮೇಜ್ ಕಟ್ಟುವ ಉಪಕರಣ ಜೆನ್‌ಐಸೊಇಮೇಜ್ ಕೈಚೆಲ್ಲುತ್ತದೆ. ಡಿಸ್ಕಿನಲ್ಲಿ ಫೈಲ್ ಜೋಡಿಸುವ ಮಾನದಂಡವಾದ ಐಎಸ್‌ಒ 9660ರ ಲೆವೆಲ್ 3ರಲ್ಲಿ ಒಂದು ಫೈಲನ್ನು ಹಲವು ತುಂಡಾಗಿ ಇಡಲು ಅವಕಾಶವಿದೆ, ಅದು ಆ ಉಪಕರಣಕ್ಕೆ ಬರುವುದಿಲ್ಲ. ಎಕ್ಸೋರಿಸೊಗೆ ಬರುತ್ತದೆ.

ಬ್ರಸೇರೊ ನೋಡಲು ಅಚ್ಚುಕಟ್ಟು, ಆದರೆ ವಿಫಲವಾದಾಗ ತೋರಿಸುವ ಒಂದು ಸಾಲಿನ ಸಂದೇಶದಿಂದ ಯಾವ ಉಪಯೋಗವೂ ಇಲ್ಲ. ಲಾಗ್ ಉಳಿಸಿ ಓದಬೇಕು. ಒಂದು ಎಂಜಿನ್ ಪದೇಪದೇ ಸೋತರೆ ಪ್ಲಗಿನ್ ಪಟ್ಟಿಗೆ ಹೋಗಿ ಅದನ್ನು ಆಫ್ ಮಾಡಿ ಇನ್ನೊಂದಕ್ಕೆ ಅವಕಾಶ ಕೊಡಿ, ಹಲವು ಸಲ ಅಷ್ಟರಲ್ಲೇ ಬಗೆಹರಿಯುತ್ತದೆ. ಎಕ್ಸ್‌ಎಫ್‌ಬರ್ನ್ ಹಗುರ, ಎಂಜಿನ್ ಒಳ್ಳೆಯದು, ಆಯ್ಕೆಗಳು ಕಡಿಮೆ. ಐಎಸ್‌ಒ ಒಂದನ್ನು ಡಿಸ್ಕಿಗೆ ಇಳಿಸಲು ಅಷ್ಟು ಸಾಕು.

ಬರ್ನ್ ಶುರುವಾಗುವ ಮೊದಲೇ ಡಿವೈಸ್ ಬ್ಯುಸಿ ಎಂದು ಬಂದರೆ ಡೆಸ್ಕ್‌ಟಾಪ್ ಡಿಸ್ಕನ್ನು ತಾನಾಗಿ ಮೌಂಟ್ ಮಾಡಿಕೊಂಡಿರುತ್ತದೆ (ಬಳಕೆಗೆ ತೆರೆದಿಟ್ಟಿರುತ್ತದೆ). ಅನ್‌ಮೌಂಟ್ ಮಾಡಿ, ಎಜೆಕ್ಟ್ ಬೇಡ. ಆಮೇಲೂ ಬಿಡದಿದ್ದರೆ ಫ್ಯೂಸರ್ ಆಜ್ಞೆ ಯಾವ ಪ್ರೋಗ್ರಾಂ ಹಿಡಿದು ಕೂತಿದೆ ಎಂದು ತೋರಿಸುತ್ತದೆ. ಅನುಮತಿ ಇಲ್ಲ ಎಂದರೆ ಡೆಬಿಯನ್‌ನಲ್ಲಿ ಸಿಡಿರಾಮ್, ಲಿನಕ್ಸ್‌ನ ಇನ್ನೊಂದು ರೂಪವಾದ ಆರ್ಚ್‌ನಲ್ಲಿ ಆಪ್ಟಿಕಲ್ ಗುಂಪಿಗೆ ಬಳಕೆದಾರರನ್ನು ಸೇರಿಸಿ ಲಾಗ್‌ಔಟ್ ಆಗಿ ಮರಳಿ ಬನ್ನಿ. ವೋಡಿಮ್ ಮೆಮೊರಿ ಲಾಕ್ ಮಿತಿಯ ಬಗ್ಗೆ ಕೊಡುವ ಎಚ್ಚರಿಕೆ ಬೇರೆ, ಸಾಮಾನ್ಯವಾಗಿ ಅದರಿಂದ ಬರ್ನ್ ಕೆಡುವುದಿಲ್ಲ.

ಕೊನೆಯದು, ಬರೆದದ್ದು ಸರಿಯಿದೆಯೇ ಎಂಬ ಪರೀಕ್ಷೆ. ಇಲ್ಲಿ ಒಳ್ಳೆಯ ಡಿಸ್ಕುಗಳೂ ಕೆಟ್ಟ ಹೆಸರು ಪಡೆಯುತ್ತವೆ. ಡಿಸ್ಕಿನ ಇಡೀ ಉದ್ದ ಓದಿ ಚೆಕ್‌ಸಮ್ ತೆಗೆದರೆ ಇಮೇಜಿನದಕ್ಕೆ ಹೊಂದದೆ ಇರಬಹುದು, ಏಕೆಂದರೆ ಬರೆಯುವಾಗ ಕೊನೆಗೆ ಖಾಲಿ ಸೆಕ್ಟರುಗಳು ಸೇರಿರುತ್ತವೆ. ಟ್ರ್ಯಾಕುಗಳನ್ನು ಒಂದೊಂದಾಗಿ ಬರೆಯುವ ಟಿಎಒ ವಿಧಾನದಲ್ಲಿ ಬರೆದ ಸಿಡಿಯಲ್ಲಿ ಟ್ರ್ಯಾಕಿನ ಕೊನೆಯ 2 ಬ್ಲಾಕ್‌ಗಳನ್ನು ಓದಲು ಬರುವುದೇ ಇಲ್ಲ. ಕರ್ನೆಲ್ ಮುಂದಾಗಿ ಓದಲು ಹೋಗಿ ಅಲ್ಲಿ ಎಡವಿ ಇನ್‌ಪುಟ್-ಔಟ್‌ಪುಟ್ ಎರರ್ ಕೊಡುತ್ತದೆ. ಇದಕ್ಕಾಗಿಯೇ ಬಾಲಕ್ಕೆ 150 ಸೆಕ್ಟರ್, ಅಂದರೆ 300 ಕೆಬಿ, ಪ್ಯಾಡಿಂಗ್ (ಖಾಲಿ ತುಂಬುವಿಕೆ) ಸೇರಿಸುವ ರೂಢಿ ಬಂದದ್ದು.

ಸರಿಯಾದ ಕ್ರಮ ಹೀಗೆ: ಟ್ರೇ ತೆಗೆದು ಮತ್ತೆ ಹಾಕಿ, ಕರ್ನೆಲ್ ಹಳೆಯ ಅಳತೆಯನ್ನೂ ಕ್ಯಾಶನ್ನೂ ಮರೆಯಲಿ. ಲ್ಯಾಪ್‌ಟಾಪಿನ ತೆಳು ಡ್ರೈವಿಗೆ ಟ್ರೇಯನ್ನು ತಾನೇ ಒಳಗೆಳೆದುಕೊಳ್ಳಲು ಬಾರದು, ಆದ್ದರಿಂದ ಕೆ3ಬಿಯ ವೆರಿಫೈ ನಿಂತಂತೆ ಕಂಡರೆ ಕೈಯಿಂದ ಒಳತಳ್ಳಿ. ನಂತರ ಇಮೇಜಿನ ಗಾತ್ರವನ್ನು 2048ರಿಂದ ಭಾಗಿಸಿ. ಡಿಡಿ ಆಜ್ಞೆಗೆ ಬಿಎಸ್ 2048, ಕೌಂಟ್ ಜಾಗದಲ್ಲಿ ಆ ಭಾಗಲಬ್ಧ ಕೊಟ್ಟು, ಬಂದದ್ದನ್ನು ಚೆಕ್‌ಸಮ್ ತೆಗೆಯುವ ಎಸ್‌ಎಚ್‌ಎ256ಸಮ್‌ಗೆ ಹರಿಸಿ. ಪೂರ್ತಿ ತುಂಬಿದ ಡಿವಿಡಿ+ಆರ್ ಆದರೆ ಆ ಸಂಖ್ಯೆ 2,295,104. ಎಕ್ಸೋರಿಸೊದಲ್ಲೇ ಇಮೇಜ್ ಕಟ್ಟುವುದಾದರೆ ಮೊದಲೇ ಎಂಡಿ5 (ಒಂದು ಬಗೆಯ ಚೆಕ್‌ಸಮ್) ಆನ್ ಮಾಡಿಡಿ. ಆಗ ಪ್ರತಿ ಫೈಲಿನ ಚೆಕ್‌ಸಮ್ ಡಿಸ್ಕಿನೊಳಗೇ ಕೂತಿರುತ್ತದೆ. ಮೂಲ ಇಮೇಜ್ ಅಳಿಸಿಹೋಗಿ ವರ್ಷಗಳಾದ ಮೇಲೂ ‘ಚೆಕ್ ಮೀಡಿಯಾ’ ಓಡಿಸಿ ಯಾವ ಭಾಗ ಓದಲಾಗುತ್ತಿಲ್ಲ, ಯಾವ ಭಾಗ ನಿಧಾನವಾಗಿದೆ ಎಂದು ನೋಡಬಹುದು. ನಿಧಾನವಾದ ಭಾಗ ಕಂಡ ಡಿಸ್ಕನ್ನು ಅದೇ ದಿನ ಹೊಸದಕ್ಕೆ ನಕಲು ಮಾಡಿಬಿಡಿ.