ಕಿಟಕಿ ಪಕ್ಕಕ್ಕೆ ಯಾವುದು: ಅರೌಕೇರಿಯಾನಾ, ಕಲಾಂಚೋನಾ?

ಕ್ರಿಸ್‌ಮಸ್ ಮರದಂತೆ ಕಾಣುವ ಅರೌಕೇರಿಯಾ, ಗೊಂಚಲು ಹೂ ಬಿಡುವ ಕಲಾಂಚೋ, ಎರಡನ್ನೂ ಒಂದೇ ಕಿಟಕಿಯ ಪಕ್ಕ ಕುಂಡದಲ್ಲಿ ಬೆಳೆಸಿದ್ದೇನೆ. ಒಂದನ್ನೇ ಇಟ್ಟುಕೊಳ್ಳಬೇಕು ಅಂದರೆ ನಾನು ಅರೌಕೇರಿಯಾ ಇಟ್ಟುಕೊಳ್ಳುತ್ತೇನೆ. ಆದರೆ ಆಗಾಗ ಊರಿಗೆ ಹೋಗುವವರಿಗೆ ಅದನ್ನು ತನ್ನಿ ಅಂತ ಹೇಳುವುದಿಲ್ಲ.

ಕಾರಣ ನೀರು. ಮಡಗಾಸ್ಕರ್ ಮೂಲದ ಕಲಾಂಚೋ ತನ್ನ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಜಾಸ್ತಿ ಹಾಕಿದರೇ ತೊಂದರೆ, ಬುಡ ಕೊಳೆಯುತ್ತದೆ. ಅರೌಕೇರಿಯಾಕ್ಕೆ ಮಣ್ಣು ಪೂರ್ತಿ ಒಣಗಬಾರದು. ಒಣಗಿದರೆ ಕೆಳಗಿನ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿ ಉದುರುತ್ತವೆ. ಉದುರಿದ ಜಾಗದಲ್ಲಿ ಮತ್ತೆ ಕೊಂಬೆ ಬರುವುದಿಲ್ಲ! ಒಂದರ ಮೇಲೊಂದು ಸುತ್ತು ಸುತ್ತಾಗಿ ಬರುವ ಕೊಂಬೆಗಳೇ ಅದರ ಚೆಲುವು, ಅಲ್ವಾ? ಅದು ಹೋದರೆ ಹೋದ ಹಾಗೇ.

ಹೊಸ ಗಿಡ ಮಾಡುವುದರಲ್ಲೂ ಇದೇ ಕಥೆ. ಕಲಾಂಚೋದ ಒಂದು ತುಂಡು ಕತ್ತರಿಸಿ, ಗಾಯ ಒಣಗಲು ಬಿಟ್ಟು ನೆಟ್ಟರೆ ಬೇರು ಬಿಡುತ್ತದೆ. ಅರೌಕೇರಿಯಾದ ಪಕ್ಕದ ಕೊಂಬೆ ಬೇರು ಬಿಟ್ಟರೂ ನೆಟ್ಟಗೆ ಏಳುವುದಿಲ್ಲ, ಅಡ್ಡಡ್ಡವೇ ಬೆಳೆಯುತ್ತದೆ. ಹಾಗಾಗಿ ನಡುವಿನ ಸುಳಿ ಮುರಿಯದಂತೆ ಜೋಪಾನ ಮಾಡಬೇಕು.

ಹೂವಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಅರೌಕೇರಿಯಾ ಹೂಬಿಡುವ ಜಾತಿಯಲ್ಲ, ಅದಕ್ಕೆ ಬರುವುದು ಪೈನ್ ಕಾಯಿಯಂಥ ಶಂಕುಗಳು, ಅದೂ ಮರ ದೊಡ್ಡದಾದ ಮೇಲೆ. ಕಲಾಂಚೋ ವಾರಗಟ್ಟಲೆ ಗೊಂಚಲು ತುಂಬಿಕೊಂಡು ನಿಲ್ಲುತ್ತದೆ. ಹೂ ಮುಗಿದ ಕೂಡಲೇ ಎಷ್ಟೋ ಜನ ಅದನ್ನು ಎಸೆದುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಮತ್ತೆ ಹೂ ಬಿಡಲು ಅದಕ್ಕೆ ಬೇಕಾದ್ದು ಉದ್ದದ ರಾತ್ರಿ. ದಿನಕ್ಕೆ ಸುಮಾರು 14 ಗಂಟೆಯ ಕತ್ತಲು, 6 ವಾರ. ನಡುವೆ ಬಲ್ಬಿನ ಬೆಳಕು ಬಿದ್ದರೂ ಕೆಡುತ್ತದೆ. ನಾನು ಸಂಜೆ ರಟ್ಟಿನ ಡಬ್ಬಿ ಮುಚ್ಚಿ ಬೆಳಿಗ್ಗೆ ತೆಗೆಯುತ್ತಿದ್ದೆ. ಹಗಲು ಒಳ್ಳೆಯ ಬೆಳಕೂ ಕೊಡಬೇಕು. ಆಮೇಲೆ ಮೊಗ್ಗು ಬರುತ್ತದೆ. ದಿನವೂ ಮಾಡುವ ಕೆಲಸ ಇದು, ಆದರೆ ಮೊದಲ ಮೊಗ್ಗು ಕಂಡಾಗ ಆಗುವ ಖುಷಿ ದೊಡ್ಡದು.

ಅರೌಕೇರಿಯಾಕ್ಕೆ ಇಷ್ಟೆಲ್ಲ ಬೇಡ. ಬೆಳಕಿನ ಕಡೆಗೆ ವಾಲದಂತೆ ಆಗಾಗ ಕುಂಡ ತಿರುಗಿಸುತ್ತಿರಬೇಕು, ಅಷ್ಟೇ. ತನ್ನ ತವರಾದ, ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪದಲ್ಲಿ 50 ಮೀಟರ್ ದಾಟುವ ಮರ ಇದು. ಕುಂಡದಲ್ಲಿ ನಿಧಾನವಾಗಿ ಏರುತ್ತದೆ. ಹೊಸ ಸುತ್ತು ಬಿಚ್ಚಿಕೊಳ್ಳುವುದನ್ನು ನೋಡುವುದೇ ನನಗೆ ಹೂವಿಗಿಂತ ಇಷ್ಟ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಒಂದು ಮಾತು. ಕಲಾಂಚೋ ಅವುಗಳಿಗೆ ವಿಷ, ತಿಂದರೆ ಹೃದಯಕ್ಕೂ ತೊಂದರೆ ಆಗಬಹುದು. ಬಾಯಿಗೆ ಸಿಗದ ಎತ್ತರದಲ್ಲಿ ಇಡಲು ಆಗದಿದ್ದರೆ ತರಲೇಬೇಡಿ.